ಎಡೆಗೆ ಬಂದ ಕಾಗೆ

“ಗುರುಗಳೇ, ಬೆಳಗಾದರೆ ಅದೇ ಕಾಗೆ, ಅದೇ ಅಳಿಲು, ಅದೇ ಗೊರವಂಕ. ಇವನ್ನು ನೋಡುತ್ತ ಕೂರುವುದರಿಂದ ಬರುವ ಭಾಗ್ಯವೇನು?” ಎಂದು ಶಿಷ್ಯ ಗಿರಿಯಣ್ಣ ಕೇಳಿದ.

ಗುರುಗಳು ನಕ್ಕರು. “ಭಾಗ್ಯವನ್ನು ಹುಡುಕುವವನು ದಾರಿ ತಪ್ಪಿ ಮಠಕ್ಕೆ ಬಂದಿದ್ದೀಯಪ್ಪ. ಬಂದದ್ದಾಯಿತು, ಕುಳಿತು ಕೇಳು” ಎಂದು ಕತೆ ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಮನೆಯ ಹಿಂದೆ ಅವನಿಗೊಂದು ಸೀಬೆ ತೋಟ. ಅವನ ಮುದಿ ತಾಯಿ ದಿನವೂ ಹಿತ್ತಿಲ ಜಗಲಿಯಲ್ಲಿ ಕುಳಿತು ತೋಟ ನೋಡುತ್ತಿದ್ದಳು. ಮಗ ಊಟಕ್ಕೆ ಕುಳಿತಾಗ ಸುದ್ದಿ ಹೇಳುತ್ತಿದ್ದಳು. ಇವತ್ತು ಮುಂಗುಸಿ ಮರಿಗಳ ಜೊತೆ ಬಂದಿತ್ತು, ಪಿಕಳಾರ ಗೂಡು ಕಟ್ಟುತ್ತಿದೆ, ಕುಂಟು ಕಾಗೆ ನನ್ನ ಕೈಯಳತೆಗೆ ಬಂದು ಅನ್ನ ತಿಂದು ಹೋಯಿತು, ಹೀಗೆ. ಮಗ ಹೂಂಗುಟ್ಟಿ ಕೈ ತೊಳೆಯುತ್ತಿದ್ದ. ಹೂಂಗುಟ್ಟುವುದಕ್ಕೇನು ಖರ್ಚೇ?

ತಂದೆಯ ತಿಥಿ ಹತ್ತಿರ ಬಂತು. ತಂದೆಗೆ ಸೀಬೆಹಣ್ಣೆಂದರೆ ಪ್ರಾಣ. ಎಡೆಗೆ ಒಳ್ಳೆಯ ಹಣ್ಣು ಉಳಿಯಬೇಕಲ್ಲ? ಹಕ್ಕಿ, ಅಳಿಲು ಕಚ್ಚಿಬಿಟ್ಟ ಹಣ್ಣುಗಳಿಗೆಲ್ಲ ವ್ಯಾಪಾರಿ ವಿಷ ಸವರಿಸಿ ಕೊಂಬೆಯಲ್ಲೇ ಉಳಿಸಿದ.

“ತೋಟದಲ್ಲಿ ಸದ್ದೇ ಇಲ್ಲ ಕಣೋ” ಎಂದಳು ತಾಯಿ. ಅವನು ಹೂಂ ಎಂದ.

ತಿಥಿಯ ದಿನ ಬಾಳೆ ಎಲೆಯಲ್ಲಿ ಅನ್ನವಿಟ್ಟು, ಪಕ್ಕದಲ್ಲಿ ಹಣ್ಣಿಟ್ಟು, ಹಿತ್ತಿಲಲ್ಲಿ ನಿಂತು ಕಾಗೆಗಳನ್ನು ಕರೆದರು. ಒಂದೂ ಬರಲಿಲ್ಲ. ಕಾಗೆ ಮುಟ್ಟದೆ ಮನೆಯವರು ಉಣ್ಣುವಂತಿಲ್ಲ. ನೆಂಟರು ಹಸಿದು ಮುಖ ಮುಖ ನೋಡಿಕೊಂಡರು. ತಂದೆಗೆ ತನ್ನ ಮೇಲೆ ಯಾವ ಸಿಟ್ಟೋ ಎಂದು ವ್ಯಾಪಾರಿ ಹೆದರಿದ. ಗಂಡನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದಂತಾಯಿತೆಂದು ತಾಯಿ ಕಣ್ಣೀರಿಟ್ಟಳು. “ಅಪ್ಪಾ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ, ಬಾರಪ್ಪಾ!” ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

ಕೊನೆಗೆ ಗೋಡೆಯ ಮೇಲೆ ಒಂದು ಕಾಗೆ ಬಂದು ಕುಳಿತಿತು. ಅದು ಕುಂಟು ಕಾಗೆ. ತಾಯಿಯ ಮುಖ ಅರಳಿತು. ಎಲ್ಲರೂ ಕೈಮುಗಿದರು. ಕಾಗೆ ಕೆಳಗಿಳಿದು, ತೂರಾಡುತ್ತ ಎಲೆಯವರೆಗೆ ಬಂತು. ಕೊಕ್ಕು ತೆರೆಯಿತು. ಒಂದಗುಳನ್ನೂ ಮುಟ್ಟದೆ ಅನ್ನದ ಮೇಲೆಯೇ ಬಿದ್ದು ಒದ್ದಾಡಿ ಸತ್ತಿತು. ಅದರ ಕೊಕ್ಕಿನಲ್ಲಿ ಅಳಿಲಿನ ಕೂದಲಿತ್ತು.

ತಾಯಿ ಚೀರಿದಳು. ವ್ಯಾಪಾರಿಯ ಮುಗಿದ ಕೈ ಮುಗಿದಂತೆಯೇ ಇತ್ತು.

“ಅಪ್ಪಾ ಬಾ ಅಂತ ಕರೆದೆಯಲ್ಲೋ, ಏನು ತಿನ್ನಿಸಿದೆಯೋ ಅವರಿಗೆ?” ಎಂದಳು ತಾಯಿ.

“ನಾನು ಕಾಗೆಗೇನೂ ಇಟ್ಟಿರಲಿಲ್ಲಮ್ಮ” ಎಂದು ಅವನು ತೊದಲಿದ. “ಅಳಿಲಿಗೆ, ಸಣ್ಣಪುಟ್ಟ ಹಕ್ಕಿಗಳಿಗೆ ಮಾತ್ರ...”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗಿರಿಯಣ್ಣ ಬೆಚ್ಚಿ ಕುಳಿತಿದ್ದ. “ಆ ತಾಯಿ ಅಂದು ಊಟ ಮಾಡಿದಳೇ?” ಎಂದು ಮೆಲ್ಲಗೆ ಕೇಳಿದ.

“ಊಟದ ಮಾತು ಬಿಡು” ಎಂದರು ಗುರುಗಳು, “ವರ್ಷವಿಡೀ ಹಿತ್ತಿಲಿಗೆ ಬರುತ್ತಿದ್ದ ತಂದೆಯನ್ನು ಆ ಮಗ ಗುರುತು ಹಿಡಿದದ್ದು, ಎರಡನೆಯ ಸಲ ಸತ್ತ ಮೇಲೆ.”