ಗುರುವಾರದ ಸಕ್ಕರೆ

“ಬುದ್ಧಿ, ತಿಳಿಗೇಡಿಗೆ ತಿಳಿಯಹೇಳುವುದು ಹೇಗೆ?” ಎಂದು ಶಿವಮಲ್ಲು ಕೇಳಿದ.

ಶಿವಮಲ್ಲು ಮಠದ ಶಿಷ್ಯ. ಊರ ಶಾಲೆಯಲ್ಲಿ ಮೇಷ್ಟ್ರು. ಮಕ್ಕಳಿಗೆ ಒಂದು ದಿನ ದೇವಸ್ಥಾನ, ದರ್ಗಾ, ಚರ್ಚು ಮೂರನ್ನೂ ತೋರಿಸಿಕೊಂಡು ಬರಬೇಕೆಂದು ಮನೆಮನೆಗೆ ಒಪ್ಪಿಗೆ ಚೀಟಿ ಕಳಿಸಿದ್ದ. ಒಬ್ಬ ತಂದೆ ಚೀಟಿಯನ್ನು ಹರಿದುಹಾಕಿ, ಮಗಳನ್ನು ಶಾಲೆಯಿಂದಲೇ ಬಿಡಿಸುತ್ತೇನೆ ಎಂದು ಹೇಳಿ ಕಳಿಸಿದ್ದ. ಹುಡುಗಿ ಜಾಣೆ. ಅವಳ ಓದು ನಿಂತೀತೆಂಬ ಸಂಕಟ ಶಿವಮಲ್ಲುವಿಗೆ ಒಂದು ಕಡೆ. ಆ ತಂದೆಯ ಮೇಲಿನ ಸಿಟ್ಟು ಇನ್ನೊಂದು ಕಡೆ.

ಗುರುಗಳು ನಕ್ಕರು. “ಸಂಕಟಕ್ಕಿಂತ ಸಿಟ್ಟೇ ಹೆಚ್ಚಿದೆ ಎಂದು ನಿನ್ನ ಮುಖವೇ ಹೇಳುತ್ತಿದೆ. ಕೂತುಕೋ” ಎಂದು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಒಳ್ಳೆಯವನು, ಬಾಯಿ ಮಾತ್ರ ಜೋರು. ಅವನ ಮನೆಗೂ ಇಂಥದ್ದೇ ಚೀಟಿ ಬಂತು. ಅವನು ಶಾಲೆಯ ಅಂಗಳಕ್ಕೇ ಹೋಗಿ, “ಮಗು ಅಲ್ಲಿ ಇಲ್ಲಿ ಕೈ ಮುಗಿದು ಕೊನೆಗೆ ಎಲ್ಲಿಗೂ ಸೇರದವಳಾದರೆ ಯಾರು ಹೊಣೆ?” ಎಂದು ಕೂಗಾಡಿದ. ಅವನ ಭಯ ನಾಟಕವಲ್ಲ. ಮಗುವನ್ನು ಪ್ರೀತಿಸುವವನಿಗೆ ಬರುವ ಭಯವೇ ಅದು. ಆದರೆ ಮಗಳು ಹೋಗಲೇಬೇಕೆಂದು ಎರಡು ಹೊತ್ತು ಊಟ ಬಿಟ್ಟಳು. ಕೊನೆಗೆ ಅವನು ಒಂದು ಷರತ್ತಿನ ಮೇಲೆ ಒಪ್ಪಿದ. ದರ್ಗಾಕ್ಕೆ, ಚರ್ಚಿಗೆ ಹೋದಾಗ ಅವಳು ಒಳಗೆ ಕಾಲಿಡಬಾರದು, ಬಾಗಿಲಲ್ಲೇ ಕೂತಿರಬೇಕು.

ಆ ಮನೆಯಲ್ಲಿ ಒಂದು ರೂಢಿಯಿತ್ತು. ಪ್ರತಿ ಗುರುವಾರ ಸಂಜೆ ವ್ಯಾಪಾರಿಯ ತಾಯಿ ಅವನ ನಾಲಿಗೆಯ ಮೇಲೆ ಒಂದು ಚಿಟಿಕೆ ಸಕ್ಕರೆ ಇಡುತ್ತಿದ್ದಳು. ದೇವರ ಪ್ರಸಾದ ಎನ್ನುತ್ತಿದ್ದಳು. ಯಾವ ದೇವರದು ಎಂದು ಅವಳು ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಬೆಲ್ಲದ ಮನೆಗೆ ಈ ಸಕ್ಕರೆ ಎಲ್ಲಿಂದ ಬರುತ್ತದೆ ಎಂದೂ ಯೋಚಿಸಿರಲಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದ, ಅಷ್ಟೇ.

ಮಕ್ಕಳು ಹೊರಟದ್ದೂ ಒಂದು ಗುರುವಾರ. ದರ್ಗಾದ ಬಾಗಿಲಲ್ಲಿ ಹುಡುಗಿ ಒಬ್ಬಳೇ ಕೂತಳು. ಬೇಸರ ಕಳೆಯಲು, ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೋಡಿಸಿ ಇಡತೊಡಗಿದಳು. ಅವುಗಳಲ್ಲಿ ಒಂದು ಜೊತೆ ಅವಳ ಅಜ್ಜಿಯದು. ಸ್ವಲ್ಪ ಹೊತ್ತಿಗೆ ಅಜ್ಜಿಯೇ ಹೊರಗೆ ಬಂದಳು. ಅವಳ ಕೈಯಲ್ಲಿ ಒಳಗಿನ ಹಿರಿಯರಿಂದ ಪ್ರಾರ್ಥನೆ ಓದಿಸಿಕೊಂಡ ಸಕ್ಕರೆಯ ಪೊಟ್ಟಣವಿತ್ತು. ಮೊಮ್ಮಗಳು ಚಪ್ಪಲಿಯನ್ನು ಮುಂದಿಟ್ಟಳು. ಅಜ್ಜಿ ಬೆಚ್ಚಲಿಲ್ಲ. ಮೊಮ್ಮಗಳ ಬಾಯಿಗೂ ಒಂದು ಚಿಟಿಕೆ ಹಾಕಿ ಮನೆಯ ಕಡೆ ನಡೆದಳು.

ಸಂಜೆ ವ್ಯಾಪಾರಿ ಎಂದಿನಂತೆ ಕಣ್ಣು ಮುಚ್ಚಿ ಬಾಯಿ ತೆರೆದ. ಪಕ್ಕದಲ್ಲಿದ್ದ ಮಗಳು, “ಅಪ್ಪ, ಇದು ದರ್ಗಾದ ಸಕ್ಕರೆ. ನಾನೂ ತಿಂದೆ. ಒಳಗೆ ಮಾತ್ರ ಹೋಗಲಿಲ್ಲ” ಎಂದಳು.

ಮುದುಕಿಯ ಕೈ ಅರ್ಧದಲ್ಲೇ ನಿಂತಿತು. ವ್ಯಾಪಾರಿ ಕಣ್ಣು ಬಿಟ್ಟ. “ಯಾವತ್ತಿಂದ ಅವ್ವ ಇದು?” ಎಂದು ಕೇಳಿದ.

“ನಾಲ್ಕು ವರ್ಷ ತುಂಬಿದ್ರೂ ನಿನಗೆ ಮಾತು ಬಂದಿರಲಿಲ್ಲ ಮಗ. ನಮ್ಮ ದೇವರಿಗೆಲ್ಲ ಹರಕೆ ಹೊತ್ತೆ. ಆ ದರ್ಗಾಕ್ಕೂ ಹೊತ್ತೆ. ಮಾತು ಬಂತು. ಯಾರು ಕೊಟ್ಟರೋ ನನಗೇನು ಗೊತ್ತು? ಒಬ್ಬರನ್ನ ಬಿಡೋಕೆ ಧೈರ್ಯ ಬರಲಿಲ್ಲ” ಎಂದಳು ತಾಯಿ.

ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದವನು ತಾಯಿಯನ್ನು ನೋಡಿದ, ಮಗಳನ್ನು ನೋಡಿದ. ಆಮೇಲೆ ಬಾಯಿ ತೆರೆದ. ಆ ಸಲ ಕಣ್ಣು ಮುಚ್ಚಲಿಲ್ಲ.

ಮರುವರ್ಷ ಚೀಟಿ ಬಂದ ದಿನವೇ ಸಹಿ ಹಾಕಿದ. ಜೊತೆಗೆ ಬಂದರೂ ತಾನು ಮಾತ್ರ ದರ್ಗಾದ ಒಳಗೆ ಬರುವುದಿಲ್ಲ ಎಂದ. ಹಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಮಗಳು ಒಳಗೆ ಹೋದಳು. ಅವನು ಬಾಗಿಲಲ್ಲಿ ಅವಳ ಚಪ್ಪಲಿಯ ಜೊತೆಗೆ ಎಲ್ಲರ ಚಪ್ಪಲಿಯನ್ನೂ ಕಾಯುತ್ತ, ಹೋಗಿ ಬರುವವರನ್ನು ಮಾತಾಡಿಸುತ್ತ ಸುಖವಾಗಿ ಕೂತಿದ್ದ.

ಕತೆ ಕೇಳಿ ಶಿವಮಲ್ಲುವಿನ ಮುಖ ಅರಳಿತು. “ಸರಿಯಾಗಿ ಹೇಳಿದಿರಿ ಬುದ್ಧಿ. ನಾಳೆಯೇ ಆ ಮನುಷ್ಯನ ಮನೆಗೆ ಹೋಗಿ, ಮೊದಲು ನಿನ್ನ ತಾಯಿಯನ್ನು ಕೇಳು ಮಹಾರಾಯ ಎನ್ನುತ್ತೇನೆ” ಎಂದ.

“ಹೇಳುವೆಯಂತೆ. ಆದರೆ ನಿನ್ನ ತಾಯಿ ನಿನಗಾಗಿ ಎಲ್ಲೆಲ್ಲಿ ಕೈ ಮುಗಿದಿದ್ದಳೆಂದು ನೀನು ಕೇಳಿದ್ದೀಯಾ?” ಎಂದರು ಗುರುಗಳು.