ನೆನೆಯದ ಹುರುಳಿ

"ಸರ್, ಇವೆಲ್ಲ ಒಂದೇ ಬ್ಯಾಕ್ಟೀರಿಯಾದ ಮಕ್ಕಳು. ಒಂದೇ ವಂಶವಾಹಿ, ಒಂದೇ ತಟ್ಟೆ, ಒಂದೇ ಊಟ. ಔಷಧಿ ಹಾಕಿದರೆ ಲಕ್ಷಾಂತರ ಸತ್ತವು, ಹತ್ತಾರು ಉಳಿದವು. ಹೀಗೇಕೆ?"

ಕೇಳಿದವನು ತಿಪ್ಪೇಶ, ಸೂಕ್ಷ್ಮಜೀವಿ ವಿಜ್ಞಾನದ ವಿದ್ಯಾರ್ಥಿ. ಅವನ ಒಂದು ಕೈಯಲ್ಲಿ ಗಾಜಿನ ತಟ್ಟೆಯಿತ್ತು, ಇನ್ನೊಂದು ಕೈ ಕಸದ ಡಬ್ಬಿಯ ಮುಚ್ಚಳದ ಮೇಲಿತ್ತು. ಉಳಿದವು ಹೊರಗಿನಿಂದ ಬಂದ ಕೊಳೆ ಎಂದು ಗುರುಗಳು ಹೇಳಿಬಿಟ್ಟರೆ, ತಟ್ಟೆಯನ್ನು ಎಸೆದು, ಔಷಧಿ ಎಲ್ಲವನ್ನೂ ಕೊಂದಿತು ಎಂದು ಬರೆದು, ಪದವಿ ಪಡೆದು ಮನೆಗೆ ಹೋಗಬಹುದಿತ್ತು.

ಗುರುಗಳು ಹಾಗೆ ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ರೈತನಿದ್ದ. ಹುರುಳಿ ಬೆಳೆಯುತ್ತಿದ್ದ. ಅವನ ಹುರುಳಿಯಲ್ಲಿ ಒಂದು ದೋಷವಿತ್ತು. ನೆನೆಹಾಕಿದರೆ ಬೆಳಿಗ್ಗೆಯ ಹೊತ್ತಿಗೆ ಕಾಳೆಲ್ಲ ಉಬ್ಬುತ್ತಿತ್ತು. ಹಿಡಿಗೆ ನಾಲ್ಕೈದು ಮಾತ್ರ ಕಲ್ಲಿನಂತೆ ಹಾಗೇ ಉಳಿಯುತ್ತಿದ್ದವು. ಅವು ಒಲೆಯ ಮೇಲೂ ಬೇಯುತ್ತಿರಲಿಲ್ಲ. ಅದೇ ಗಿಡ, ಅದೇ ಕಾಯಿ. ಪಕ್ಕದ ಕಾಳು ಮೆತ್ತಗೆ, ಇದು ಕಲ್ಲು.

ಒಂದು ದಿನ ರೈತನ ತಾಯಿ ಉಸಲಿ ತಿನ್ನುತ್ತ ಕೆನ್ನೆ ಹಿಡಿದುಕೊಂಡಳು.

"ಇದ್ದದ್ದೇ ಐದು ಹಲ್ಲು ಕಣೋ. ಒಂದನ್ನು ನಿನ್ನ ಹುರುಳಿ ತಿಂದುಹಾಕಿತು."

ರೈತನಿಗೆ ಅವಮಾನವಾಯಿತು. ಗಟ್ಟಿ ಕಾಳಿನ ಸಂತಾನವನ್ನೇ ಇಲ್ಲವಾಗಿಸಲು ನಿರ್ಧರಿಸಿದ. ಬಿತ್ತನೆಗೆ ಮುಂಚೆ ಬೀಜವನ್ನೆಲ್ಲ ನೆನೆಹಾಕಿದ. ಉಬ್ಬಿದ್ದನ್ನು ಹೊಲಕ್ಕೆ ಒಯ್ದ, ಉಬ್ಬದ್ದನ್ನು ಕೋಳಿಗಳ ಮುಂದೆ ಚೆಲ್ಲಿದ. ಮೊದಲ ಮಳೆಗೆ ಅವನ ಹೊಲ ಒಂದೇ ಸಮನೆ ಹಸಿರಾಯಿತು. ನೋಡಿದವರು ಹೊಗಳಿದರು. ನೆರೆಯವನ ಹೊಲದಲ್ಲಿ ಸಾಲಿನ ನಡುವೆ ಅಲ್ಲಲ್ಲಿ ಖಾಲಿ ಉಳಿದಿತ್ತು. ಅವನು ಬೀಜ ಆರಿಸಿರಲಿಲ್ಲ. ಅದರ ಹಿಂದೆ ಯಾವ ತತ್ವವೂ ಇರಲಿಲ್ಲ, ಸೋಮಾರಿತನವಿತ್ತು.

ಆಮೇಲೆ ಮಳೆ ಕೈಕೊಟ್ಟಿತು. ಎರಡೂ ಹೊಲಗಳ ಸಸಿಗಳು ಒಣಗಿದವು. ಮಳೆ ಮತ್ತೆ ಬಂದಾಗ ರೈತನ ಹೊಲದಲ್ಲಿ ಏಳುವುದಕ್ಕೆ ಒಂದು ಕಾಳೂ ಉಳಿದಿರಲಿಲ್ಲ. ನೆರೆಯವನ ಹೊಲದಲ್ಲಿ, ಅಷ್ಟು ದಿನ ಮಣ್ಣಿನೊಳಗೆ ಮಲಗಿದ್ದ ಗಟ್ಟಿ ಕಾಳುಗಳು ಮೊಳೆತವು. ಬೆಳೆ ತೆಳ್ಳಗಿತ್ತು. ಆದರೆ ಬೀಜಕ್ಕೆ ಸಾಕಾಯಿತು.

ರೈತ ಚೀಲ ಹಿಡಿದುಕೊಂಡು ನೆರೆಯವನ ಮನೆಗೆ ಹೋದ.

"ಅಣ್ಣಾ, ನಿನ್ನ ಮನೆಯಲ್ಲಿರುವುದೆಲ್ಲ ಗಟ್ಟಿ ಕಾಳಿನ ಮಕ್ಕಳು. ಒಂದೂ ಮೊದಲ ಮಳೆಗೆ ಮೋಸಹೋಗುವ ಜಾತಿಯಲ್ಲ. ನನಗೊಂದಿಷ್ಟು ಕೊಡು."

"ಕೊಡುತ್ತೇನೆ. ನಿಮ್ಮಮ್ಮನ ಹಲ್ಲಿಗೆ ಮಾತ್ರ ನಾನು ಹೊಣೆಯಲ್ಲ."

ಮನೆಗೆ ತಂದು ಒಂದು ಹಿಡಿ ನೆನೆಹಾಕಿದ. ಬೆಳಿಗ್ಗೆ ನೋಡಿದರೆ ಕಾಳೆಲ್ಲ ಉಬ್ಬಿತ್ತು. ನಾಲ್ಕೈದು ಮಾತ್ರ ಕಲ್ಲಿನಂತೆ ಹಾಗೇ ಇದ್ದವು.

ರೈತ ಆ ಪಾತ್ರೆಗೆ ಕೈಮುಗಿದ. ಆ ವರ್ಷ ಬೀಜ ಆರಿಸದೆ ಬಿತ್ತಿದ. ತಾಯಿ ಉಸಲಿ ಬಿಟ್ಟು ಹುರುಳಿ ಕಟ್ಟಿನ ಸಾರಿಗೆ ಒಗ್ಗಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು.

ತಿಪ್ಪೇಶ ತಟ್ಟೆಯನ್ನು ನೋಡಿದ. "ಉಳಿದವನ್ನು ಬೆಳೆಸಿ ಅವುಗಳ ಮಕ್ಕಳಿಗೂ ಅದೇ ಔಷಧಿ ಹಾಕಿದ್ದೆ ಸರ್. ಮತ್ತೆ ಲಕ್ಷಾಂತರ ಸತ್ತವು. ಮತ್ತೆ ಹತ್ತಾರು ಉಳಿದವು."

"ನಿನ್ನ ಔಷಧಿ ಬೆಳೆಯುತ್ತಿರುವುದನ್ನು ಕೊಲ್ಲುತ್ತದೆ. ಅವು ಬೆಳೆಯದೆ ಮಲಗಿದ್ದವು."

ತಿಪ್ಪೇಶನ ಕೈ ಡಬ್ಬಿಯ ಮುಚ್ಚಳದಿಂದ ಕೆಳಗಿಳಿಯಿತು. "ಹಾಗಾದರೆ ಔಷಧಿ ಬರುತ್ತದೆಂದು ಆ ಹತ್ತಾರಕ್ಕೆ ಮೊದಲೇ ಗೊತ್ತಿತ್ತೇ ಸರ್?"

"ಗೊತ್ತಿದ್ದರೆ ಎಲ್ಲವೂ ಮಲಗಿರುತ್ತಿದ್ದವು."