ದುಂಡಿಯ ಪಾದದ ಮುಳ್ಳು ಮತ್ತು ಕಾಂಪೌಂಡರ್ ನರಿ

ಹೊಳೆ ಬಾಗಿ ಹರಿಯುವ ಒಂದು ಕಾಡಿನಲ್ಲಿ ಕೊಕ್ಕರೆಯೊಂದು ಆಸ್ಪತ್ರೆ ನಡೆಸುತ್ತಿತ್ತು. ಹೊಂಗೆ ಮರದ ಕೆಳಗೆ ಬಿದಿರಿನ ತಟ್ಟಿ ಕಟ್ಟಿದ ಜಾಗವೇ ಆಸ್ಪತ್ರೆ. ಕೊಕ್ಕರೆಯ ಉದ್ದನೆಯ ಕೊಕ್ಕೇ ಚಿಮಟ. ಮುಳ್ಳು ಕೀಳುವುದರಲ್ಲಿ ಕೊಕ್ಕರೆಗೆ ಸಮ ಯಾರೂ ಇರಲಿಲ್ಲ. ಎಲ್ಲರೂ ಅದನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು.

ಅಲ್ಲಿ ನರಿ ಕಾಂಪೌಂಡರ್ ಆಗಿತ್ತು. ಬಂದ ಮರಿಗಳನ್ನು ಒಳಗೆ ಕರೆದು, ಅಲ್ಲಾಡದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ಬೇಗ ಕೆಲಸ ಮುಗಿಸಿ ಮಧ್ಯಾಹ್ನ ಒಂದು ನಿದ್ದೆ ಹೊಡೆಯುವುದು ಅದರ ಆಸೆ. ಅದಕ್ಕೆಂದೇ ನರಿ ಒಂದು ಉಪಾಯ ಮಾಡಿಕೊಂಡಿತ್ತು. ಮೊಲದ ಮರಿ ಬಂದರೆ, "ಒಳಗೆ ಎಳೆ ಗರಿಕೆ ಇದೆ" ಎನ್ನುತ್ತಿತ್ತು. ಕೋತಿ ಮರಿ ಬಂದರೆ, "ಒಳಗೆ ಬಾಳೆಹಣ್ಣು ಇದೆ" ಎನ್ನುತ್ತಿತ್ತು. ಮರಿ ತಟ್ಟಿ ದಾಟಿದ ಕೂಡಲೇ ಹಿಂದಿನಿಂದ ಗಬಕ್ಕನೆ ಹಿಡಿಯುತ್ತಿತ್ತು.

ಒಂದು ದಿನ ದುಂಡಿ ಎಂಬ ಕರಡಿ ಮರಿಯ ಪಾದಕ್ಕೆ ಜಾಲಿ ಮುಳ್ಳು ಚುಚ್ಚಿತು. ಅಮ್ಮ ಕರಡಿ ಅದನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂತು.

"ನನಗೆ ನೋವಾಗುತ್ತಾ, ನರಿ ಮಾಮ?" ಎಂದು ದುಂಡಿ ಕೇಳಿತು.

"ನೋವೇ? ಇಲ್ಲಪ್ಪ. ಡಾಕ್ಟರಮ್ಮ ಸುಮ್ಮನೆ ನೋಡ್ತಾರೆ, ಅಷ್ಟೇ. ಒಳಗೆ ಜೇನುಹುಟ್ಟು ಇಟ್ಟಿದ್ದೀವಿ. ಅಮ್ಮ ಇಲ್ಲೇ ಇರಲಿ. ನೀನು ಬಾ."

ದುಂಡಿ ಬಾಯಿ ಚಪ್ಪರಿಸುತ್ತಾ ಕುಂಟಿಕೊಂಡು ಒಳಗೆ ಹೋಯಿತು. ಜೇನೂ ಇರಲಿಲ್ಲ, ಹುಟ್ಟೂ ಇರಲಿಲ್ಲ. ನರಿ ಹಿಂದಿನಿಂದ ಹಿಡಿದು, "ಕೀಳಿ ಡಾಕ್ಟರಮ್ಮ" ಎಂದಿತು. ಕೊಕ್ಕರೆ ಮುಳ್ಳು ಎಳೆಯಿತು. ದುಂಡಿ ಕಿರುಚಿ ಒದೆಯಿತು. ಮುಳ್ಳು ನಡುವೆ ಮುರಿದು ಅರ್ಧ ಒಳಗೇ ಉಳಿಯಿತು. ದುಂಡಿ ನರಿಯ ಕಿವಿ ಕಚ್ಚಿ, ತಪ್ಪಿಸಿಕೊಂಡು ಓಡಿ, ದೊಡ್ಡ ಬಂಡೆಗಳ ನಡುವಿನ ಸಂದಿಗೆ ನುಗ್ಗಿತು. ಅಮ್ಮನ ತೋಳೂ ಹೋಗದಷ್ಟು ಇಕ್ಕಟ್ಟಾದ ಸಂದಿ ಅದು.

ಎರಡು ದಿನ ಕಳೆಯಿತು. ದುಂಡಿ ಹೊರಗೆ ಬರಲಿಲ್ಲ. ಪಾದ ಬೇಲದ ಹಣ್ಣಿನಂತೆ ಊದಿತು. ಮೈ ಕೆಂಡದಂತೆ ಸುಡುತ್ತಿತ್ತು. ಅಮ್ಮ ಕರಡಿ ಅಳುತ್ತಾ ಕೊಕ್ಕರೆಯ ಬಳಿ ಓಡಿತು. ನಡೆದದ್ದನ್ನೆಲ್ಲ ಕೇಳಿ ಕೊಕ್ಕರೆ ತಲೆ ತಗ್ಗಿಸಿತು. ತಟ್ಟಿಯ ಆಚೆ ನರಿ ಏನು ಹೇಳುತ್ತದೆ ಎಂದು ಅದು ಒಂದು ದಿನವೂ ಗಮನಿಸಿರಲಿಲ್ಲ.

"ಇನ್ನು ಮೇಲೆ ಮರಿಗಳಿಗೆ ಸುಳ್ಳು ಹೇಳಬೇಡ" ಎಂದು ನರಿಗೆ ಹೇಳಿ, ಕೊಕ್ಕರೆ ಬಂಡೆಯ ಹತ್ತಿರ ಬಂದು ಕೂತಿತು.

"ಜೇನು ತಂದಿದ್ದೀರಾ?" ಒಳಗಿನಿಂದ ಸಿಟ್ಟಿನ ದನಿ ಕೇಳಿತು.

"ಇಲ್ಲ."

"ನೋವಾಗುತ್ತಾ?"

ಅಮ್ಮ ಕರಡಿ "ಏನೂ ಆಗಲ್ಲ ಮರಿ" ಎನ್ನಲು ಬಾಯಿ ತೆರೆಯಿತು. ಕೊಕ್ಕರೆ ರೆಕ್ಕೆ ಎತ್ತಿ ತಡೆಯಿತು.

"ಆಗುತ್ತೆ. ಮೂರು ಕೆಂಪಿರುವೆ ಒಟ್ಟಿಗೆ ಕಚ್ಚಿದಷ್ಟು. ನೀನು ಹತ್ತು ಎಣಿಸೋದರಲ್ಲಿ ಮುಗಿಯುತ್ತೆ."

"ನನಗೆ ಐದರ ತನಕ ಮಾತ್ರ ಬರುತ್ತೆ."

"ಹಾಗಾದರೆ ಐದನ್ನೇ ಎರಡು ಸಲ ಎಣಿಸು."

"ಅಳಬಹುದಾ?"

"ಜೋರಾಗಿಯೇ ಅಳು. ಪಾದ ಮಾತ್ರ ಅಲ್ಲಾಡಿಸಬೇಡ. ಅಮ್ಮನ ಮಡಿಲಲ್ಲೇ ಕೂತಿರು. ನೀನು ಹೂಂ ಅನ್ನೋ ತನಕ ನಾನು ಮುಟ್ಟೋದಿಲ್ಲ."

ಮೊದಲು ಒಂದು ಮೂಗು ಹೊರಗೆ ಬಂತು. ಆಮೇಲೆ ದುಂಡಿಯೇ ಬಂತು. ಕೊಕ್ಕರೆ ಒಂದು ಅತ್ತಿ ಹಣ್ಣಿಗೆ ಮುಳ್ಳು ಚುಚ್ಚಿ ದುಂಡಿಯ ಕೈಗೆ ಕೊಟ್ಟಿತು. "ಮೊದಲು ನೀನು ಡಾಕ್ಟರು. ಇದರ ಮುಳ್ಳು ಕೀಳು." ದುಂಡಿ ಹಣ್ಣಿನ ಬೆನ್ನು ಸವರಿ, "ಅಲ್ಲಾಡಬೇಡ, ಮೂರು ಇರುವೆ ಅಷ್ಟೇ" ಎಂದು ಸಮಾಧಾನ ಹೇಳಿ ಮುಳ್ಳು ಕಿತ್ತಿತು. ಆಮೇಲೆ ಆ ರೋಗಿಯನ್ನು ತಿಂದುಬಿಟ್ಟಿತು.

ಈಗ ದುಂಡಿಯ ಸರದಿ. ಅದು ಅಮ್ಮನ ಮಡಿಲಲ್ಲಿ ಕೂತು ಪಾದ ಚಾಚಿತು. "ಹೂಂ" ಎಂದಿತು. "ಇಲ್ಲ, ಇನ್ನೂ ಇಲ್ಲ" ಎಂದಿತು. ಕೊಕ್ಕರೆ ಕಾಯಿತು. ದುಂಡಿ ಅಮ್ಮನ ಎದೆಯಲ್ಲಿ ಮುಖ ಹುದುಗಿಸಿ ಮತ್ತೆ "ಹೂಂ" ಎಂದಿತು. ಅತ್ತುಕೊಂಡೇ ಎಣಿಸಿತು. ಎರಡನೆಯ ಸಲ ಮೂರು ಎನ್ನುವಷ್ಟರಲ್ಲಿ ಮುಳ್ಳು ಹೊರಗೆ ಬಂತು. ಸಂಜೆಗೆ ಜ್ವರ ಇಳಿಯಿತು.

ನರಿ ಮಾತ್ರ ಬದಲಾಗಲಿಲ್ಲ. ಮರುದಿನ ಮುಳ್ಳುಹಂದಿಯ ಮರಿಯೊಂದು ಹೊಟ್ಟೆನೋವೆಂದು ಬಂತು. "ಒಳಗೆ ಗೆಣಸು ಇದೆ" ಎಂದು ಕರೆದ ನರಿ, ಅಭ್ಯಾಸದಂತೆ ಹಿಂದಿನಿಂದ ಗಬಕ್ಕನೆ ತಬ್ಬಿಕೊಂಡಿತು. ಮರಿ ಗಾಬರಿಯಿಂದ ಮೈಮುಳ್ಳನ್ನೆಲ್ಲ ನಿಗುರಿಸಿತು. ನರಿಯ ಮೂತಿಯ ತುಂಬ ಮುಳ್ಳು.

"ಕೂತುಕೋ, ಕೀಳುತ್ತೇನೆ. ಸ್ವಲ್ಪ ನೋವಾಗುತ್ತೆ" ಎಂದಿತು ಕೊಕ್ಕರೆ.

"ಸ್ವಲ್ಪ ಅಂದರೆ ಎಷ್ಟು ಅಂತ ನನಗೆ ಗೊತ್ತಿಲ್ಲವೇ? ನಾನೂ ಮರಿಗಳಿಗೆ ನೋವೇ ಆಗಲ್ಲ ಅಂತ ಹೇಳುತ್ತಿದ್ದೆನಲ್ಲ" ಎಂದು ನರಿ ಓಡಿಹೋಯಿತು. ಮೂತಿಯ ಮುಳ್ಳಿನಿಂದಾಗಿ ಅದಕ್ಕೆ ತಿನ್ನಲೂ ಆಗಲಿಲ್ಲ, ಮಲಗಲೂ ಆಗಲಿಲ್ಲ. ಮೂರನೆಯ ದಿನ ಹಸಿವು ತಾಳದೆ ತಾನೇ ಬಂದು ಕೂತಿತು. ಕೊಕ್ಕರೆ ಒಂದೊಂದಾಗಿ ಮುಳ್ಳು ಕಿತ್ತಿತು.

"ನೀವು ಹೇಳಿದಷ್ಟೇ ನೋವಾಯಿತು, ಡಾಕ್ಟರಮ್ಮ" ಎಂದು ನರಿ ಮೆಲ್ಲಗೆ ಹೇಳಿತು.

ಆಮೇಲೆ ಆಸ್ಪತ್ರೆಯಲ್ಲಿ ಮರಿಗಳನ್ನು ಅವರವರ ಅಮ್ಮಂದಿರೇ ಮಡಿಲಲ್ಲಿ ಕೂರಿಸಿಕೊಳ್ಳತೊಡಗಿದರು. ನರಿಗೆ ಹೊಳೆಯಿಂದ ಗಾಯ ತೊಳೆಯುವ ನೀರು ತರುವ ಕೆಲಸ ಸಿಕ್ಕಿತು. "ನೀರು ತಣ್ಣಗಿದೆಯಾ, ನರಿ ಮಾಮ?" ಎಂದು ಮರಿಗಳು ಕೇಳುತ್ತಿದ್ದವು. "ತುಂಬಾ ತಣ್ಣಗಿದೆ" ಎಂದು ನರಿ ಇದ್ದದ್ದನ್ನೇ ಹೇಳುತ್ತಿತ್ತು. ಆದರೂ ಮರಿಗಳು ಒಂದು ಬೆರಳು ಅದ್ದಿ ನೋಡಿದ ಮೇಲೆಯೇ ನಂಬುತ್ತಿದ್ದವು.

ನೀತಿ: ನೋವಾಗುವುದಿದ್ದರೆ ಮಕ್ಕಳಿಗೆ ಇದ್ದದ್ದನ್ನು ಹೇಳಿ, ಜೊತೆಯಲ್ಲಿ ಕೂತರೆ ಅವರಿಗೆ ಧೈರ್ಯ ಬರುತ್ತದೆ. ಸುಳ್ಳು ಹೇಳಿ ಕಳೆದುಕೊಂಡ ನಂಬಿಕೆ ಬೇಗ ಮರಳಿ ಬರುವುದಿಲ್ಲ.